ಹೊರಗಿಟ್ಟವರು ಬರೆಯದ ಕಥೆ

ನಮ್ಮ ಹೊಳವನಹಳ್ಳಿ ಇರುವ ಕೊರಟಗೆರೆ ತಾಲ್ಲೂಕಿನಲ್ಲೇ ತುಂಬಾಡಿಯೂ ಇದೆ. ಆ ಊರಿನ ತುಂಬಾಡಿ ರಾಮಯ್ಯನವರ ಆತ್ಮಕಥನ ‘ಮಣೆಗಾರ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಜತೆ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ಪುಸ್ತಕ. ಕೇರಿಯವರು ತಾವು ಉಂಡದ್ದನ್ನು ಹೀಗೆ ಮುಚ್ಚುಮರೆಯಿಲ್ಲದೆ ಬರೆದುಕೊಟ್ಟಿದ್ದಾರೆ. ಆ ಸಂಕಟವನ್ನು ಬಡಿಸಿದ ಮನೆಗಳಿಂದ ಅಷ್ಟೇ ಪ್ರಾಮಾಣಿಕವಾದ ಬರಹ ಬಂದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಪ್ರಯತ್ನಗಳೇ ಆಗಿಲ್ಲ ಎಂದಲ್ಲ. 1933ರಲ್ಲೇ ಶಿವರಾಮ ಕಾರಂತರು ‘ಚೋಮನ ದುಡಿ’ ಬರೆದರು. ಗೇಯಲು ಒಂದು ತುಂಡು ಭೂಮಿ ಬೇಕೆಂಬ ಚೋಮನ ಆಸೆ ಕೊನೆಗೂ ಕೈಗೂಡಲಿಲ್ಲ. 1973ರ ‘ಭಾರತೀಪುರ’ದಲ್ಲಿ ಅನಂತಮೂರ್ತಿಯವರ ಜಗನ್ನಾಥ ಮನೆಯ ಸಾಲಿಗ್ರಾಮವನ್ನೇ ಹೊರಗೆ ತಂದು ದಲಿತರ ಕೈಯಲ್ಲಿ ಮುಟ್ಟಿಸಲು ಹೊರಡುತ್ತಾನೆ. ಅಲ್ಲಿ ಮುಟ್ಟಬೇಕಾದವರಿಗಿಂತ ಮುಟ್ಟಿಸುವವನ ತಳಮಳವೇ ಹೆಚ್ಚು ಎಂಬ ಆಕ್ಷೇಪ ಹಳೆಯದು, ನನ್ನ ಮಟ್ಟಿಗೆ ನ್ಯಾಯವಾದದ್ದೂ ಹೌದು. ಆದರೂ ಒಂದು ಮೇಲುಜಾತಿ ಮನೆಯ ಒಳಗನ್ನು ಆ ಕಾದಂಬರಿ ತೆರೆದು ತೋರಿಸಿತು. ಲಂಕೇಶರ ‘ಮುಟ್ಟಿಸಿಕೊಂಡವನು’ ಇನ್ನೂ ಹತ್ತಿರಕ್ಕೆ ಬರುತ್ತದೆ. ಕಣ್ಣು ನೋಯಿಸಿಕೊಂಡ ರೈತ ಬಸಲಿಂಗನಿಗೆ, ತನ್ನನ್ನು ಮುಟ್ಟಿ ನೋಡಿದ ಡಾಕ್ಟರ ಜಾತಿ ತಿಳಿದ ಮೇಲೆ ಕಣ್ಣಿಗಿಂತ ಮೈಲಿಗೆಯೇ ದೊಡ್ಡದಾಗುತ್ತದೆ. ಅವನು ಕೇಡಿಗನಲ್ಲ, ನಮ್ಮೂರಿನ ಯಾರಾದರೂ ಆಗಬಹುದಾದ ಸಾಮಾನ್ಯ ರೈತ. ಕಥೆಯ ಬಲವೆಲ್ಲ ಅದರಲ್ಲೇ ಇದೆ.

ದೇವನೂರ ಮಹಾದೇವ ಬಂದ ಮೇಲೆ ನೋಡುವ ಕಣ್ಣೇ ಬದಲಾಯಿತು. ‘ಒಡಲಾಳ’ದ ಸಾಕವ್ವನ ಮನೆಯವರು ಕದ್ದು ತಂದ ಮೂಟೆ ಕಡಲೇಕಾಯನ್ನು ರಾತ್ರಿಯಿಡೀ ಒಲೆಯ ಸುತ್ತ ಕೂತು ತಿನ್ನುತ್ತಾರೆ, ಬೆಳಗಾದರೆ ಪೊಲೀಸರು ಬಾಗಿಲಲ್ಲಿ. ಪಾವಗಡ, ಮಧುಗಿರಿ, ಸಿರಾದವರಿಗೆ ಕಡಲೇಕಾಯಿಯ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ. ಗಿಡ ಕಿತ್ತು, ಕಾಯಿ ಬಿಡಿಸಿ, ಮೂಟೆ ಕಟ್ಟಿದವರಿಗೆ ಒಂದು ಹೊಟ್ಟೆ ಕಾಯಿ ತಿನ್ನಲು ಕದಿಯಬೇಕಾಗಿ ಬರುವುದು ಹೇಗೆ ಎಂಬ ಪ್ರಶ್ನೆ ನಮ್ಮ ಹೊಲದ ಬದುವಿನಲ್ಲೇ ಏಳಬೇಕಿತ್ತು. ನಾವು ಅದನ್ನು ನಂಜನಗೂಡು ಕಡೆಯ ಕಥೆ ಎಂದು ಓದಿ ಪಕ್ಕಕ್ಕಿಟ್ಟೆವು. 1984ರಲ್ಲಿ ಬಂದು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಕುಸುಮಬಾಲೆ’ಯ ಚನ್ನನ ಕೊಲೆಯನ್ನೂ ಹಾಗೆಯೇ ದೂರದಿಂದ ಓದಿದೆವು.

ಈಗ ಅಂಥದ್ದೆಲ್ಲ ಎಲ್ಲಿದೆ ಸ್ವಾಮಿ ಎನ್ನುವವರಿದ್ದಾರೆ. ನಮ್ಮ ಕಡೆ ಕೂಲಿಗೆ ಬಂದವರಿಗೆ ಹಿಂದೆ ಬೊಗಸೆ ಒಡ್ಡಿಸಿ ಎತ್ತರದಿಂದ ನೀರು ಹುಯ್ಯುತ್ತಿದ್ದರು. ಆಮೇಲೆ ಸೂರಿನ ಸಂದಿಯಲ್ಲಿ ಸಿಗಿಸಿಟ್ಟ ಬೇರೆ ಲೋಟ ಬಂತು. ಈಗ ಪೇಪರ್ ಕಪ್ಪು ಬಂದಿದೆ. ಜಗಲಿಯ ಮೇಲೆ ಕೂತ ಇಬ್ಬರಲ್ಲಿ ಒಬ್ಬರಿಗೆ ಸ್ಟೀಲ್ ಲೋಟದಲ್ಲಿ ಕಾಫಿ, ಕಾಲೋನಿಯಿಂದ ಬಂದವರಿಗೆ ಪೇಪರ್ ಕಪ್ಪಿನಲ್ಲಿ. ಕೇಳಿದರೆ ‘ತೊಳೆಯೋರು ಯಾರಪ್ಪಾ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸೂರಿನ ಲೋಟವಾದರೆ ಕಣ್ಣಿಗೆ ಕಾಣುತ್ತಿತ್ತು, ಬೆರಳು ಮಾಡಿ ತೋರಿಸಬಹುದಿತ್ತು. ಈ ಕಪ್ಪು ಕುಡಿದ ಮರುಗಳಿಗೆಯೇ ತಿಪ್ಪೆ ಸೇರುತ್ತದೆ, ಅದರ ಜತೆ ಸಾಕ್ಷಿಯೂ. ಕಾನೂನಿನ ಕೈಗೆ ಸಿಗದ ಇಂಥದ್ದನ್ನು ಹಿಡಿಯುವುದು ಒಳ್ಳೆಯ ಕಥೆಗಾರನಿಗೆ ಮಾತ್ರ ಸಾಧ್ಯ.

ಅಧಿಕಾರ ಬಂದರೆ ಬಾಗಿಲು ತೆರೆಯುತ್ತದೆ ಎಂಬ ಮಾತೂ ಇದೆ. ಕೊರಟಗೆರೆ, ಪಾವಗಡ ಎರಡೂ ಮೀಸಲು ವಿಧಾನಸಭಾ ಕ್ಷೇತ್ರಗಳು. ಆದರೂ 2019ರ ಸೆಪ್ಟೆಂಬರ್‌ನಲ್ಲಿ ಚಿತ್ರದುರ್ಗದ ಸಂಸದರಾಗಿದ್ದ ಎ. ನಾರಾಯಣಸ್ವಾಮಿಯವರನ್ನು ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಹೊರಗೇ ತಡೆದು ನಿಲ್ಲಿಸಿದರು. ದಲಿತರು ಎಂಬುದೊಂದೇ ಕಾರಣ. ಹಟ್ಟಿಗೆ ಅನುಕೂಲ ಮಾಡಿಕೊಡಲು ಬಂದವರಿಗೆ ಹೊರಗೆ ಕುರ್ಚಿ ಹಾಕಿ ಕೂರಿಸಿ, ಅಲ್ಲಿಂದಲೇ ಕಳಿಸಿದರು. ಆಗ ದೇಶವೆಲ್ಲ ಸುದ್ದಿಯಾಯಿತು, ಬೈಗುಳವೂ ಆಯಿತು. ಆದರೆ ಆ ಹಟ್ಟಿಯವರೂ ಬಡವರೇ. ಕುರಿ ಕಾಯುತ್ತ, ಊರಿನ ಅಂಚಿನಲ್ಲೇ ಬದುಕು ಕಟ್ಟಿಕೊಂಡವರು. ಮುಟ್ಟಾದ ಹೆಣ್ಣುಮಕ್ಕಳನ್ನೂ ಹೆತ್ತ ಬಾಣಂತಿಯನ್ನೂ ಹಟ್ಟಿಯಿಂದಾಚೆ ಗುಡಿಸಿಲಿನಲ್ಲಿ ಇರಿಸುವ ಕಟ್ಟಳೆ ಅನೇಕ ಹಟ್ಟಿಗಳಲ್ಲಿದೆ. ಹಾಗೆ ಮಳೆ ಚಳಿಯಲ್ಲಿ ಹೊರಗೆ ಮಲಗಿ ಬಂದ ಹೆಂಗಸು, ಸಂಸದರನ್ನು ಹೊರಗೆ ಕೂರಿಸಿದ ದಿನ ಏನೆಂದುಕೊಂಡಳು? ದೇವರಿಗೆ ಮೈಲಿಗೆ ಎಂಬ ಭಯ ಆ ಹಿರಿಯರಲ್ಲಿ ಎಷ್ಟಿತ್ತು, ನೆರೆಯ ಹಟ್ಟಿಯವರು ಏನಂದಾರು ಎಂಬ ಅಂಜಿಕೆ ಎಷ್ಟಿತ್ತು? ಅವರನ್ನು ಅಲ್ಲಿಗೆ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ತಪ್ಪನ್ನು ತಪ್ಪೆಂದೇ ಕಂಡು, ಅದು ಹುಟ್ಟುವ ಜಾಗದವರೆಗೆ ಇಳಿದು ಹೋಗುವ ಕಾದಂಬರಿ ನಮ್ಮ ಸೀಮೆಗೆ ಬೇಕು ಎನ್ನುತ್ತಿದ್ದೇನೆ.

ಈ ನೆಲಕ್ಕೆ ಅಂಥ ಬರವಣಿಗೆ ಹೊಸದೇನಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟುವಾಗ ಮುಂದೆ ನಿಂತ ಬರಗೂರು ರಾಮಚಂದ್ರಪ್ಪ ಸಿರಾ ತಾಲ್ಲೂಕಿನವರು. ಈಗಿನ ಕೊರಟಗೆರೆ, ಮಧುಗಿರಿ ಕಾಲೇಜುಗಳಲ್ಲಿ ಬರೆಯುವ ಹುಮ್ಮಸ್ಸಿನ ಮಕ್ಕಳಿದ್ದಾರೆ. ಮೇಲುಜಾತಿ ಮನೆಗಳಿಂದ ಬಂದವರು ದಯವಿಟ್ಟು ಕೇರಿಯ ದುಃಖದ ಬಗ್ಗೆ ಕಥೆ ಕಟ್ಟಲು ಹೋಗಬೇಡಿ. ಅದನ್ನು ಅಲ್ಲಿಯವರೇ ಚೆನ್ನಾಗಿ ಬರೆಯುತ್ತಾರೆ. ನಿಮ್ಮ ಅಡುಗೆಮನೆಯ ಕಥೆ ಬರೆಯಿರಿ. ಜತೆಯಲ್ಲಿ ಓದುವ ಹುಡುಗನನ್ನು ನಡುಮನೆಗೆ ಕರೆಯಬೇಡ ಎಂದು ಮೊದಲು ಹೇಳಿದವರು ಯಾರು, ಯಾವ ಮಾತಿನಲ್ಲಿ ಹೇಳಿದರು, ನೀವು ಏನು ಮಾಡಿದಿರಿ ಎಂದು ಬರೆಯಿರಿ. ಅಜ್ಜಿಯ ಅಕ್ಕರೆಯನ್ನೂ ಬಿಡಬೇಡಿ. ನಿಮ್ಮ ಮುದ್ದೆಗೆ ತುಪ್ಪ ಹಾಕಿದ ಕೈಯೇ ಹಿತ್ತಲಲ್ಲಿ ನಿಂತವರಿಗೆ ನೀರನ್ನು ಎತ್ತಿ ಹುಯ್ದದ್ದು. ಬರೆದ ಮೇಲೆ ಪತ್ರಿಕೆಗೆ ಕಳಿಸುವ ಮುಂಚೆ ಕಾಲೋನಿಯ ಗೆಳೆಯನಿಗೋ ಗೆಳತಿಗೋ ಓದಲು ಕೊಡಿ. ನೀವು ಏನನ್ನು ಬಿಟ್ಟಿದ್ದೀರಿ ಎಂದು ಅವರು ಹೇಳುತ್ತಾರೆ.