ಹಿತ್ತಲ ವಿಚಾರ: ಅನಾನಸಿನ ಗಿಡ

ಕಳೆದ ಬೇಸಗೆಯಲ್ಲಿ ಹುಬ್ಬಳ್ಳಿಗೆ ಹೊಂದಿರುವ ತಾರಿಹಾಳದಲ್ಲಿ ನಮಗೆ ಬೇಕಾದವರೊಬ್ಬರ ಮನೆಗೆ ಹೋಗುವ ಪ್ರಸಂಗವು ಒದಗಿತ್ತು. ತಾರಿಹಾಳವು ಇಂದು ಕಾರಖಾನೆಗಳ ವಸಾಹತಿನಿಂದ ಹೆಸರಾಗಿದ್ದರೂ ಈ ಮನೆಯವರು ಹಿತ್ತಲಿನ ರೂಢಿಯನ್ನು ಬಿಟ್ಟವರಲ್ಲ. ಕರಿಬೇವು, ನುಗ್ಗೆ, ದಾಸವಾಳಗಳ ನಡುವೆ ಒಂದು ಮೂಲೆಯಲ್ಲಿ ಅನಾನಸಿನ ಗಿಡವೊಂದು ಹಳದಿಗಟ್ಟಿದ ಎಲೆಗಳನ್ನು ಹರವಿಕೊಂಡು ಕುಳಿತಿತ್ತು. ಅದರ ವಿಷಯವಾಗಿ ಮನೆಯಲ್ಲಿ ಸಣ್ಣದೊಂದು ವ್ಯಾಜ್ಯವೇ ನಡೆದಿತ್ತು.

“ಎರಡು ವರ್ಷ ಆತ್ರಿ, ಒಂದು ಕಾಯಿ ಕಂಡಿಲ್ಲ. ಬರೇ ಮುಳ್ಳು. ಗೊಡ್ಡು ಗಿಡ ಇದು, ನಾಳೆ ಕಿತ್ತಿ ಒಗಸ್ತೀನಿ,” ಎಂದರು ಹಿರಿಯರಾದ ಅತ್ತೆಯವರು.

“ಅತ್ತಿಯವರ, ಇನ್ನೊಂದು ಮಳಿಗಾಲ ನೋಡೋಣ್ರಿ,” ಎಂದು ಸೊಸೆಯವರು ಮೆಲ್ಲಗೆ ಬೇಡಿಕೊಂಡರು. ಹಬ್ಬಕ್ಕೆಂದು ತಂದ ಹಣ್ಣಿನ ತಲೆಯನ್ನು ಕೊಯ್ದು ನೆಟ್ಟವರು ಅವರೇ. ದಿನವೂ ಮುಂಜಾನೆ ತಪ್ಪದೆ ಒಂದು ಬಿಂದಿಗೆ ನೀರೆರೆದವರೂ ಅವರೇ.

ತೀರ್ಪು ಹೇಳುವ ಭಾರವು ನಮ್ಮ ಮೇಲೆ ಬಿದ್ದಿತು. ಗಿಡವನ್ನು ನೋಡಿದ ಮೇಲೆ ನಮಗೆ ತೋರಿದ್ದೇನೆಂದರೆ, ಅದು ಗೊಡ್ಡೂ ಅಲ್ಲ, ಆರೈಕೆಯ ಕೊರತೆಯೂ ಅಲ್ಲ. ಗಿಡದ ಸ್ವಭಾವವನ್ನು ತಿಳಿಯದೆ ಮಾಡಿದ ಆರೈಕೆಯೇ ಅದಕ್ಕೆ ಮುಳುವಾಗಿತ್ತು. ಇಂತಹ ಗಿಡಗಳು ಬೇರೆ ಹಿತ್ತಲುಗಳಲ್ಲಿಯೂ ಇರಬಹುದಾದುದರಿಂದ ಅಂದು ಅಲ್ಲಿ ಆಡಿದ ಮಾತನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ನಿವೇದಿಸುತ್ತೇವೆ.

ಅನಾನಸು ನಮ್ಮ ನಾಡಿನ ಮೂಲದ ಗಿಡವಲ್ಲ. ಅದರ ತವರು ದಕ್ಷಿಣ ಅಮೇರಿಕ. ಕೊಲಂಬಸನು ೧೪೯೩ರಲ್ಲಿ ತನ್ನ ಎರಡನೆಯ ಯಾತ್ರೆಯಲ್ಲಿ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣನ್ನು ಕಂಡನು. ೧೫೧೦ರಲ್ಲಿ ನಮ್ಮ ನೆರೆಯ ಗೋವೆಯನ್ನು ಹಿಡಿದ ಪೋರ್ತುಗೀಜರು ಆ ಶತಮಾನದಲ್ಲಿಯೇ ಇದನ್ನು ಹಿಂದುಸ್ಥಾನಕ್ಕೆ ತಂದರು. ಹಣ್ಣಿನೊಡನೆ ತವರಿನ ಹೆಸರೂ ಬಂದು ನಮ್ಮ ಬಾಯಲ್ಲಿ ‘ಅನಾನಸು’ ಎಂದು ನೆಲೆಗೊಂಡಿತು. ಮಲೆಯಾಳಿಗಳು ಮಾತ್ರ ಇದನ್ನು ‘ಕೈದಚಕ್ಕ’, ಎಂದರೆ ಕೇದಗೆಯ ಹಲಸು ಎಂದು ಕರೆದರು. ಎಲೆಯನ್ನು ನೋಡಿದರೆ ಕೇದಗೆ, ಹಣ್ಣನ್ನು ನೋಡಿದರೆ ಹಲಸು. ಹೆಸರು ಬಹಳ ಒಪ್ಪುತ್ತದೆ. ಹಲಸಿನಂತೆ ಇದೂ ಒಂದೇ ಹೂವಿನ ಹಣ್ಣಲ್ಲ. ನೂರಕ್ಕೆ ಮೇಲ್ಪಟ್ಟ ಸಣ್ಣ ಹೂಗಳು ಒಂದು ದಿಂಡಿನ ಸುತ್ತ ಅರಳಿ, ಒಂದಕ್ಕೊಂದು ಬೆಸೆದು ಒಂದು ಹಣ್ಣಾಗುತ್ತವೆ. ಸಿಪ್ಪೆಯ ಮೇಲಿನ ಒಂದೊಂದು ಕಣ್ಣೂ ಒಂದೊಂದು ಹೂವಿನ ಗುರುತು. ಆ ಕಣ್ಣುಗಳು ಓರೆಯಾಗಿ ಸುತ್ತಿಕೊಂಡಿರುವ ಸಾಲುಗಳನ್ನು ಮಕ್ಕಳಿಂದ ಎಣಿಸಿ ನೋಡಿರಿ: ಒಂದು ಕಡೆಗೆ ೮, ಇನ್ನೊಂದು ಕಡೆಗೆ ೧೩ ಸಾಲುಗಳು ಸಾಮಾನ್ಯವಾಗಿ ಸಿಕ್ಕುತ್ತವೆ.

ಈ ಹಣ್ಣು ಹೇರಳವಾಗಿ ಬೆಳೆಯುವ ಸೀಮೆಯು ಹುಬ್ಬಳ್ಳಿಗೆ ದೂರವಿಲ್ಲ. ಕದಂಬರ ರಾಜಧಾನಿಯಾಗಿದ್ದ ಬನವಾಸಿಯ ಸುತ್ತಲೂ, ಶಿರಸಿ, ಸೊರಬ, ಸಾಗರಗಳ ಕಡೆಯೂ ಅನಾನಸಿನ ಹೊಲಗಳು ಎಕರೆಗಟ್ಟಲೆ ಹಬ್ಬಿವೆ. ಕೇರಳದ ಕಡೆಯ ಒಕ್ಕಲಿಗರು ಭೂಮಿಯನ್ನು ಗುತ್ತಿಗೆಗೆ ಹಿಡಿದು ಅಲ್ಲಿ ಈ ಬೆಳೆಯನ್ನು ತೆಗೆಯುವುದುಂಟು. ಆದರೆ ಶಿರಸಿಯ ನೆಲಕ್ಕೂ ಹುಬ್ಬಳ್ಳಿಯ ನೆಲಕ್ಕೂ ಇರುವ ಅಂತರವು ದಾರಿಯ ಅಂತರಕ್ಕಿಂತ ದೊಡ್ಡದು. ಅಲ್ಲಿಯದು ನೀರು ಬಸಿಯುವ, ಹುಳಿಗುಣದ ಕೆಮ್ಮಣ್ಣು. ಹುಬ್ಬಳ್ಳಿಯ ಸುತ್ತ ಹೆಚ್ಚಾಗಿರುವುದು ಎರೆ ಭೂಮಿ. ಹತ್ತಿಗೂ ಜೋಳಕ್ಕೂ ಕಡಲೆಗೂ ತಾಯಿಯಾದ ಈ ನೆಲವು ಅನಾನಸಿಗೆ ಮಲತಾಯಿಯಾಗುತ್ತದೆ.

ಅದು ಏಕೆಂಬುದನ್ನು ತಿಳಿಯಬೇಕು. ಮಣ್ಣಿನ ಹುಳಿ–ಕ್ಷಾರಗಳನ್ನು ಅಳೆಯುವ ಮಾನದಲ್ಲಿ ೭ ಎಂಬುದು ಸಮಸ್ಥಿತಿ. ಅದಕ್ಕಿಂತ ಇಳಿದರೆ ಹುಳಿ, ಏರಿದರೆ ಕ್ಷಾರ. ಅನಾನಸಿಗೆ ೪.೫ರಿಂದ ೬.೫ರ ಒಳಗಿನ ಮಣ್ಣು ಹಿತವಾದುದು. ಎರೆ ಭೂಮಿಯ ಅಳತೆಯಾದರೋ ಸಾಮಾನ್ಯವಾಗಿ ೮ರ ಆಚೀಚೆ. ಸುಣ್ಣವು ಬೆರೆತ ಇಂತಹ ಮಣ್ಣಿನಲ್ಲಿ ಕಬ್ಬಿಣದ ಅಂಶವು ಇದ್ದರೂ ಬೇರುಗಳ ಕೈಗೆ ಸಿಕ್ಕುವುದಿಲ್ಲ. ಕಬ್ಬಿಣವಿಲ್ಲದೆ ಎಲೆಗೆ ಹಸುರು ಇಲ್ಲ. ಹಸುರು ಇಲ್ಲದೆ ಆಹಾರ ತಯಾರಾಗದು. ತಾರಿಹಾಳದ ಗಿಡದ ಹಳದಿ ಬಣ್ಣಕ್ಕೆ ಇದು ಒಂದು ಕಾರಣ. ನಿಮ್ಮ ಹಿತ್ತಲಿನ ಮಣ್ಣಿನಲ್ಲಿ ಸುಣ್ಣವಿದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲಿಯೇ ನೋಡಬಹುದು. ಒಂದು ಚಮಚ ಒಣ ಮಣ್ಣಿನ ಮೇಲೆ ವಿನೆಗರಿನ ಕೆಲವು ಹನಿ ಹಾಕಿರಿ. ಬುಸುಗುಟ್ಟಿ ನೊರೆ ಎದ್ದರೆ ಸುಣ್ಣವಿದೆಯೆಂದು ತಿಳಿಯಿರಿ.

ಎರಡನೆಯ ಕಾರಣವು ದಿನನಿತ್ಯದ ಆ ಬಿಂದಿಗೆ ನೀರು. ಅನಾನಸಿನ ಬೇರುಗಳು ಆಳಕ್ಕಿಳಿಯುವುದಿಲ್ಲ. ನಿಂತ ನೀರನ್ನು ಸಹಿಸುವುದೂ ಇಲ್ಲ. ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೇರುಗಳು ಉಸಿರುಕಟ್ಟಿ ಕೊಳೆತುಹೋಗುತ್ತವೆ. ಗಿಡವು ಬಾಡಿದಂತೆ ಕಂಡಾಗ ನಾವು ಇನ್ನಷ್ಟು ನೀರೆರೆಯುತ್ತೇವೆ, ಮಮತೆಯಿಂದಲೇ ಹಾನಿಯಾಗುತ್ತದೆ.

ಈ ಗಿಡಕ್ಕೆ ಅಷ್ಟು ನೀರು ಬೇಡ. ಹೆಚ್ಚಿನ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿಕೊಳ್ಳುತ್ತವೆ; ಆಗ ಬಿಸಿಲಿಗೆ ಅವುಗಳ ನೀರೂ ಆವಿಯಾಗಿ ಹೋಗುತ್ತದೆ. ಅನಾನಸಿನ ಕ್ರಮವು ಬೇರೆ. ಅದು ಹಗಲಿನ ಬಿಸಿಲಿನಲ್ಲಿ ಬಾಗಿಲು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ರಾತ್ರಿ ಕೂಡಿಸಿದ ವಾಯುವನ್ನು ಎಲೆಯೊಳಗೆ ಹುಳಿಯ ರೂಪದಲ್ಲಿ ಕಾಯ್ದಿಟ್ಟು, ಮರುದಿನದ ಬೆಳಕಿನಲ್ಲಿ ಬಾಗಿಲನ್ನು ಮುಚ್ಚಿಕೊಂಡೇ ಸಕ್ಕರೆಯನ್ನಾಗಿ ಮಾಡಿಕೊಳ್ಳುತ್ತದೆ. ನಮ್ಮ ಭಾಗದ ಏಪ್ರಿಲ್ ತಿಂಗಳ ಬಿಸಿಲನ್ನು ಅದು ಸ್ವಲ್ಪ ನೀರಿನಲ್ಲಿಯೇ ಸಾಗಿಸಬಲ್ಲುದಕ್ಕೆ ಇದೇ ಕಾರಣ. ಇದಲ್ಲದೆ ಅದರ ಎಲೆಗಳು ದೊನ್ನೆಯಂತೆ ಬುಡದಲ್ಲಿ ಕೂಡಿಕೊಂಡಿವೆ. ಮಳೆಯ ಹನಿ, ಇಬ್ಬನಿಗಳು ಅದರೊಳಕ್ಕೆ ಇಳಿದು, ಅಲ್ಲಿಯೇ ಇರುವ ಸಣ್ಣ ಬೇರುಗಳ ಮೂಲಕ ಗಿಡಕ್ಕೆ ಸೇರುತ್ತವೆ. ನೀರನ್ನು ಬುಡಕ್ಕೆ ಸುರಿಯುವುದಕ್ಕಿಂತ ಎಲೆಗಳ ಮೇಲೆ ಚಿಮುಕಿಸುವುದು ಲೇಸು. ಬೇಸಗೆಯಲ್ಲಿ ವಾರಕ್ಕೆ ಎರಡು ಸಾರಿ, ಮಣ್ಣು ಬೆರಳಿಗೆ ಒಣಗಿ ತೋರಿದ ಮೇಲೆ ಎರೆದರೆ ಸಾಕು. ಕೊಳವೆಬಾವಿಯ ನೀರು ಗಡುಸಾಗಿದ್ದರೆ ಅದರಲ್ಲಿಯೂ ಸುಣ್ಣವಿರುತ್ತದೆ. ಮಾಳಿಗೆಯಿಂದ ಇಳಿದ ಮಳೆಯ ನೀರನ್ನು ಹಿಡಿದಿಟ್ಟು ಬಳಸುವುದು ಉತ್ತಮ.

ಹಾಗಾದರೆ ಎರೆ ಭೂಮಿಯ ಗೃಹಸ್ಥರು ಅನಾನಸಿನ ಆಸೆಯನ್ನೇ ಬಿಡಬೇಕೆ? ಬೇಕಿಲ್ಲ. ನೆಲಕ್ಕೆ ನೆಡದೆ ಕುಂಡದಲ್ಲಿ ನೆಡಬೇಕು. ಒಂದು ಅಡಿ ಅಗಲದ ಮಣ್ಣಿನ ಕುಂಡವಾದೀತು. ಬಣ್ಣದ ಖಾಲಿ ಡಬ್ಬಿಯನ್ನು ಚೆನ್ನಾಗಿ ತೊಳೆದು ತಳದಲ್ಲಿ ಐದಾರು ತೂತು ಹೊಡೆದರೂ ಆದೀತು. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ತಿಪ್ಪೆಗೊಬ್ಬರ, ಇಷ್ಟನ್ನು ಬೆರೆಸಿ ತುಂಬಬೇಕು. ಬೂದಿಯನ್ನೂ ಸುಣ್ಣವನ್ನೂ ಬೆರೆಸಲಾಗದು. ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವ ಕಡೆಯಲ್ಲಿ ಕುಂಡವನ್ನು ಇಡಬೇಕು.

ಹಣ್ಣಿನ ತಲೆಯನ್ನು ನೆಡುವವರು ಅದಕ್ಕೆ ಅಂಟಿದ ತಿರುಳನ್ನೆಲ್ಲ ತೆಗೆದು, ಕೆಳಗಿನ ಕೆಲವು ಸುತ್ತಿನ ಎಲೆಗಳನ್ನು ಕಿತ್ತು, ನೆರಳಿನಲ್ಲಿ ನಾಲ್ಕಾರು ದಿನ ಒಣಗಿಸಿ ನೆಡಬೇಕು. ಹಸಿಯದನ್ನೇ ನೆಟ್ಟರೆ ಕೊಳೆಯುವ ಭಯವುಂಟು. ನೆಡುವಾಗ ಗಿಡದ ನಡುವಿನ ಸುಳಿಯೊಳಗೆ ಮಣ್ಣು ಬೀಳಲಾಗದು. ಬುಡದಲ್ಲಿ ಹುಟ್ಟಿದ ಕಂದು ದೊರೆತರೆ ಇನ್ನೂ ಒಳ್ಳೆಯದು. ಕಂದು ಹೆಚ್ಚುಕಡಿಮೆ ಒಂದು ವರ್ಷಕ್ಕೆ ಹೂವಿಗೆ ಬಂದರೆ, ತಲೆಯಿಂದ ಬೆಳೆದ ಗಿಡಕ್ಕೆ ಒಂದೂವರೆ ವರ್ಷಕ್ಕೂ ಮಿಕ್ಕು ಕಾಲ ಬೇಕು. ಜಾತಿಯ ಭೇದವೂ ಇದೆ. ಕ್ಯೂ ಎಂಬ ಜಾತಿಯ ಎಲೆಗಳಿಗೆ ತುದಿಯನ್ನು ಬಿಟ್ಟರೆ ಮುಳ್ಳು ಅಪರೂಪ, ಹಣ್ಣು ದೊಡ್ಡದು. ಕ್ವೀನ್ ಜಾತಿಯ ಎಲೆಯ ಅಂಚಿನಲ್ಲೆಲ್ಲ ಮುಳ್ಳು, ಹಣ್ಣು ಚಿಕ್ಕದು, ಸಿಹಿ ಹೆಚ್ಚು. ಮುಳ್ಳಿದೆಯೆಂದು ಅತ್ತೆಯವರು ದೂರಿದ ಗಿಡವು ಈ ಎರಡನೆಯ ಜಾತಿಯದು.

ಎಲೆ ಹಳದಿಯಾದರೆ ಅನ್ನಭೇದಿಯ ನೀರನ್ನು ಚಿಮುಕಿಸಬಹುದು. ಲೀಟರು ನೀರಿಗೆ ೫ ಗ್ರಾಂ ಅನ್ನಭೇದಿಯನ್ನು ಕರಗಿಸಿ ಸಂಜೆಯ ಹೊತ್ತು ಎಲೆಗಳ ಮೇಲೆ ಹದಿನೈದು ದಿನಕ್ಕೊಮ್ಮೆ ಸಿಂಪಡಿಸಬೇಕು. ಹವಾಯಿ ದ್ವೀಪಗಳ ಕೆಲವು ನೆಲಗಳಲ್ಲಿ ಅನಾನಸು ಹೀಗೆಯೇ ಹಳದಿಗಟ್ಟಿ ಸೊರಗುತ್ತಿದ್ದಾಗ, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇದೇ ಉಪಾಯದಿಂದ ಅಲ್ಲಿಯ ಬೆಳೆಯು ಉಳಿಯಿತು. ಎಲೆಯ ಬುಡದಲ್ಲಿ ಬಿಳಿಯ ಹಿಟ್ಟುತಿಗಣೆಗಳೂ ಅವುಗಳ ಸುತ್ತ ಇರುವೆಗಳೂ ಕಂಡುಬಂದರೆ ಸಾಬೂನಿನ ನೀರಿನಿಂದ ತೊಳೆದು ಇರುವೆಗಳನ್ನು ದೂರವಿಡಿರಿ. ಈ ತಿಗಣೆಗಳನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವವು ಇರುವೆಗಳೇ.

ಇನ್ನು ಹೂವಿನ ವಿಚಾರ. ಅನಾನಸಿನ ಗಿಡದ ವಯಸ್ಸನ್ನು ವರ್ಷಗಳಿಂದ ಎಣಿಸಬಾರದು, ಎಲೆಗಳಿಂದ ಎಣಿಸಬೇಕು. ಒಕ್ಕಲಿಗರು ೩೫ರಿಂದ ೪೦ ಎಲೆಗಳಾದ ಗಿಡವನ್ನು ಹೂವಿಗೆ ಸಿದ್ಧವೆಂದು ತಿಳಿಯುತ್ತಾರೆ. ಅಂತಹ ಗಿಡವು ಚಳಿಗಾಲದ ತಂಪು ರಾತ್ರಿ, ಗಿಡ್ಡ ಹಗಲುಗಳ ಸುಳಿವು ಹಿಡಿದು ತಾನಾಗಿಯೇ ಹೂ ಕಟ್ಟುತ್ತದೆ. ತಾರಿಹಾಳದ ಗಿಡದಲ್ಲಿ ಎರಡು ವರ್ಷ ಕಳೆದರೂ ಇದ್ದುದು ೨೨ ಎಲೆಗಳು ಮಾತ್ರ. ಪ್ರಾಯಕ್ಕೇ ಬಾರದ ಗಿಡವನ್ನು ಗೊಡ್ಡೆಂದು ಕರೆಯುವುದು ನ್ಯಾಯವಲ್ಲವೆಂದು ನಾವು ಬಿನ್ನವಿಸಿದೆವು.

ಎಲೆಗಳು ತುಂಬಿದ ಮೇಲೂ ಹೂ ಬಾರದಿದ್ದರೆ ಒಂದು ಉಪಾಯವಿದೆ. ಅದರ ಕಥೆಯು ಸ್ವಾರಸ್ಯವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಟ್ಲಾಂಟಿಕ್ ಸಾಗರದ ಅಝೋರ್ಸ್ ದ್ವೀಪಗಳ ಗಾಜಿನ ಮನೆಗಳಲ್ಲಿ, ಹೊಗೆ ತಗುಲಿದ ಅನಾನಸಿನ ಗಿಡಗಳೆಲ್ಲ ಒಟ್ಟಿಗೆ ಹೂ ಬಿಡುವುದನ್ನು ಬೆಳೆಗಾರರು ಕಂಡರು. ಹೊಗೆಯಲ್ಲಿರುವ ಎಥಿಲೀನ್ ಎಂಬ ಅನಿಲವೇ ಇದಕ್ಕೆ ಕಾರಣವೆಂಬುದನ್ನು ೧೯೩೨ರಲ್ಲಿ ಪೋರ್ಟೊರಿಕೋದ ಶಾಸ್ತ್ರಜ್ಞರೊಬ್ಬರು ಪ್ರಕಟಿಸಿದರು. ಇಂದು ಒಕ್ಕಲಿಗರು ಹೊಲವೆಲ್ಲ ಏಕಕಾಲಕ್ಕೆ ಹಣ್ಣಾಗಲೆಂದು ಆ ಅನಿಲವನ್ನು ಬಿಡುವ ಎಥೆಫಾನ್ ದ್ರಾವಣವನ್ನು ಸುಳಿಗೆ ಹಾಕುತ್ತಾರೆ. ಮನೆಯವರಿಗೆ ಆ ಗೊಡವೆ ಬೇಡ. ಮಾಗಿದ ಬಾಳೆಹಣ್ಣುಗಳೂ ಸೇಬುಗಳೂ ಅದೇ ಅನಿಲವನ್ನು ಹೊರಸೂಸುತ್ತವೆ. ಒಂದೆರಡು ಹಣ್ಣುಗಳನ್ನು ಕುಂಡದೊಳಗೆ ಗಿಡದ ಬುಡದಲ್ಲಿಟ್ಟು, ಇಡಿಯ ಗಿಡಕ್ಕೆ ಪ್ಲಾಸ್ಟಿಕ್ ಚೀಲವನ್ನು ಹೊದಿಸಿ, ಬಿಸಿಲು ತಾಗದ ಕಡೆ ಒಂದು ವಾರ ಇಟ್ಟು ತೆಗೆಯಿರಿ. ಕ್ಯಾಲ್ಸಿಯಂ ಕಾರ್ಬೈಡಿನ ಹರಳನ್ನು ಹಾಕಲು ಯಾರಾದರೂ ಹೇಳಿದರೆ ಕೇಳಬೇಡಿರಿ. ನೀರು ತಗುಲಿದರೆ ಅದು ಹೊತ್ತಿಕೊಳ್ಳುವ ಅನಿಲವನ್ನು ಬಿಡುತ್ತದೆ, ಮಕ್ಕಳಿರುವ ಮನೆಗೆ ಸಲ್ಲದು.

ಸುಳಿಯ ನಡುವೆ ಮೊದಲು ಕೆಂಪು ಛಾಯೆ, ಆಮೇಲೆ ನಸುನೇರಳೆಯ ಹೂಗಳು ಕಾಣುತ್ತವೆ. ಒಂದೊಂದು ಹೂವಿನ ಆಯುಷ್ಯ ಒಂದೇ ದಿನ. ಅಲ್ಲಿಂದ ಐದಾರು ತಿಂಗಳಿಗೆ ಹಣ್ಣು. ಕೊಯ್ದ ಮೇಲೆ ಅನಾನಸು ಮೆತ್ತಗಾದೀತೇ ಹೊರತು ಸಿಹಿ ಏರುವುದಿಲ್ಲ. ಕಣ್ಣುಗಳು ಚಪ್ಪಟೆಯಾಗಿ, ಬುಡದಿಂದ ಹಳದಿಯೇರಿ, ಪರಿಮಳ ಬಂದ ಮೇಲೆಯೇ ಕೊಯ್ಯಬೇಕು. ಪೇಟೆಯ ಹಣ್ಣಿಗಿಂತ ಹಿತ್ತಲಿನ ಹಣ್ಣು ರುಚಿಯಾಗಿರುವುದು ಇದೇ ಕಾರಣದಿಂದ. ಅಡಿಗೆಯ ಮನೆಯವರಿಗೆ ಒಂದು ಮಾತು: ಹಸಿ ಅನಾನಸಿನಲ್ಲಿ ಹಾಲಿನ ಸತ್ತ್ವವನ್ನು ಒಡೆಯುವ ಬ್ರೋಮಲೀನ್ ಎಂಬ ಪದಾರ್ಥವಿದೆ. ಹಸಿಯ ಹೋಳನ್ನು ಹಾಲಿಗೆ ಹಾಕಿದರೆ ಹಾಲು ಒಡೆದು ಕಹಿಯಾಗುತ್ತದೆ. ಚೆನ್ನಾಗಿ ಬೇಯಿಸಿದರೆ ಅದರ ಶಕ್ತಿ ಅಡಗುವುದರಿಂದ ಶಿರಾಕ್ಕೂ ಗೊಜ್ಜಿಗೂ ಅಂಜಿಕೆಯಿಲ್ಲ.

ಒಂದು ದಿಂಡು ಒಂದೇ ಹಣ್ಣನ್ನು ಕೊಡುತ್ತದೆ. ಬಾಳೆಯಂತೆ ತಾಯಿಗಿಡದ ಕೆಲಸವು ಅಲ್ಲಿಗೆ ಮುಗಿಯಿತು. ಆದರೆ ಅದು ಬರಿಗೈಯಲ್ಲಿ ಹೋಗುವುದಿಲ್ಲ. ಎಲೆಯ ಸಂದುಗಳಲ್ಲಿಯೂ ಬುಡದಲ್ಲಿಯೂ ಕಂದುಗಳನ್ನು ಬಿಡುತ್ತದೆ. ಹಣ್ಣು ಕೊಯ್ದೊಡನೆ ಗಿಡವನ್ನು ಕಿತ್ತೆಸೆಯದೆ, ಕಂದುಗಳು ಗೇಣುದ್ದವಾಗುವವರೆಗೆ ತಾಯಿಯ ಎಲೆಗಳ ಸತ್ತ್ವವನ್ನು ಉಣ್ಣಲು ಬಿಟ್ಟು, ಆಮೇಲೆ ಬೇರೆ ಕುಂಡಗಳಿಗೆ ಸಾಗಿಸಬೇಕು. ಎರಡು ವರ್ಷದ ತಾಳ್ಮೆಯು ಒಮ್ಮೆ ಮಾತ್ರ ಬೇಕಾದುದು. ಮುಂದಿನವು ಬೇಗ ಬರುತ್ತವೆ.

ಅಂದು ಸಂಜೆಯೇ ತಾರಿಹಾಳದ ಗಿಡವನ್ನು ನಾವು ಎಲ್ಲರೂ ಸೇರಿ ಎಬ್ಬಿಸಿದೆವು. ಬೇರುಗಳು ಕರಿದಾಗಿ ಕೊಳೆತಿದ್ದವು. ಅವುಗಳನ್ನು ಸವರಿ, ನಾಲ್ಕು ದಿನ ನೆರಳಿಗಿಟ್ಟು, ಸೊಸೆಯವರು ಅದನ್ನು ಡಬ್ಬಿಗೆ ನೆಟ್ಟರು. ಕಾರ್ತಿಕಮಾಸದಲ್ಲಿ ನಾವು ಮತ್ತೆ ಹೋದಾಗ ಹೊಸ ಎಲೆಗಳು ಹಸುರಾಗಿದ್ದವು. ಹೂವು ಇನ್ನೂ ಬಂದಿಲ್ಲ. ಈ ಚಳಿಗಾಲಕ್ಕೆ ಬರುವುದೋ ಮುಂದಿನದಕ್ಕೋ ಹೇಳಲಾಗದು. ಆದರೆ ಎಲೆ ಎಷ್ಟಾದವೆಂದು ನಾವು ಕೇಳಿದಾಗ, ಸೊಸೆಯವರು ಬಾಯಿ ತೆರೆಯುವ ಮೊದಲೇ ಅತ್ತೆಯವರು, “ಮೂವತ್ತೊಂದು ಆಗ್ಯಾವ್ರಿ, ನಿನ್ನೆನ ಎಣಿಸೀನಿ,” ಎಂದರು.