ಬಹುಮತ ಸಿಕ್ಕರೆ ಸಾಕೇ?

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಸಾಲಿನ ತಪ್ಪಲಲ್ಲಿ ಫ್ರೈಬುರ್ಗ್ ಎಂಬ ನಗರವಿದೆ. ಅಲ್ಲಿನ ಫುಟ್‌ಬಾಲ್ ಕ್ಲಬ್ಬಿಗೆ ಡ್ರೈಸಾಮ್ ನದಿಯ ದಡದ ಹಳೆಯ ಕ್ರೀಡಾಂಗಣ ಸಾಲದಾಯಿತು. ಅದರಲ್ಲಿ ಸುಮಾರು 24,000 ಮಂದಿಗೆ ಸ್ಥಳವಿತ್ತು. ಅಂಗಳದ ಉದ್ದವೂ ನಿಯಮಕ್ಕಿಂತ ಕಡಿಮೆಯಿತ್ತು. ಹೊಸದಕ್ಕೆ ಆರಿಸಿದ್ದು ಕಿರು ವಿಮಾನ ನಿಲ್ದಾಣದ ಬಯಲು. ಅಲ್ಲಿ ಒಣ ಹುಲ್ಲುಗಾವಲಿತ್ತು, ಸನಿಹದಲ್ಲೇ ಮನೆಗಳಿದ್ದವು.

ನಗರಾಡಳಿತ ಜನರನ್ನು ಕೇಳಿತೆಂಬುದು ಮೆಚ್ಚತಕ್ಕ ಸಂಗತಿ. 2015ರ ಫೆಬ್ರವರಿಯಲ್ಲಿ ನಡೆದ ಜನಮತಗಣನೆಯಲ್ಲಿ ಸುಮಾರು ಶೇ. 58ರಷ್ಟು ಮಂದಿ ಒಪ್ಪಿಗೆಯಿತ್ತರು. 2021ರಲ್ಲಿ 34,700 ಮಂದಿಯ ಕ್ರೀಡಾಂಗಣ ತೆರೆಯಿತು.

ಆದರೆ ಮತ ಎಣಿಸಿದಲ್ಲಿಗೆ ನ್ಯಾಯ ಮುಗಿಯುವುದೇ? ನಗರದ ಇನ್ನೊಂದು ತುದಿಯಲ್ಲಿ ವಾಸಿಸುವವರಿಗೆ ಒಪ್ಪಿಗೆ ನೀಡುವುದು ಸುಲಭ. ಗದ್ದಲವನ್ನು ಸಹಿಸಬೇಕಾದವರು ನೆರೆಯವರು. ಅವರು ನ್ಯಾಯಾಲಯದ ಮೊರೆಹೊಕ್ಕರು. 2019ರಲ್ಲಿ ಮನ್‌ಹೈಮಿನ ಉನ್ನತ ಆಡಳಿತ ನ್ಯಾಯಾಲಯ ರಾತ್ರಿ ಎಂಟರ ನಂತರದ ಪಂದ್ಯಗಳಿಗೆ ತಡೆಯೊಡ್ಡಿತು. ಮುಂದೆ ಆ ನಿರ್ಬಂಧ ಸಡಿಲಗೊಂಡಿತು. ಹುಲ್ಲುಗಾವಲಿಗಂತೂ ಮತವೂ ಇಲ್ಲ, ವಕೀಲರೂ ಇಲ್ಲ. ಛಾವಣಿಯ ಮೇಲಿನ ಸೌರಫಲಕಗಳು ವಿದ್ಯುತ್ತನ್ನು ಕೊಡಬಲ್ಲವು, ಕಳೆದ ಹುಲ್ಲನ್ನಲ್ಲ.

ಹಳೆಯ ಅಂಗಳವನ್ನು ಕೆಡವದೆ ಮಹಿಳಾ ತಂಡಕ್ಕೂ ಕಿರಿಯರ ತಂಡಕ್ಕೂ ಬಿಟ್ಟುಕೊಟ್ಟದ್ದು ವಿವೇಕದ ನಡೆ. ನಮ್ಮ ನಿಲುವು ಆಟಕ್ಕೆ ವಿರುದ್ಧವಲ್ಲ. ಜನರನ್ನು ಕೇಳಲೇಬೇಕು, ಆದರೆ ನಷ್ಟ ಹೊರುವವರ ಮಾತನ್ನು ಮೊದಲು ಕೇಳಬೇಕು. ಅವರಿಗೆ ಕೊಡುವ ರಕ್ಷಣೆ ಮತದಾನಕ್ಕೆ ಮೊದಲೇ ಕರಾರಾಗಿರಬೇಕು, ಕಟ್ಟಡ ಎದ್ದ ಮೇಲಿನ ವ್ಯಾಜ್ಯವಾಗಬಾರದು.