ಬ್ರೆಡ್ಡಿನ ಹದ: ಕೈ ಮತ್ತು ಯಂತ್ರ

ಬ್ರೆಡ್ಡಿಗೆ ಬೇಕಾದದ್ದು ನಾಲ್ಕೇ ವಸ್ತು: ಗೋಧಿಯ ಹಿಟ್ಟು, ನೀರು, ಉಪ್ಪು, ಯೀಸ್ಟ್. ಕಲಸಿ, ನಾದಿ, ಉಬ್ಬಲು ಬಿಟ್ಟು, ಆಕಾರ ಕೊಟ್ಟು, ಇನ್ನೊಮ್ಮೆ ಉಬ್ಬಿದ ಮೇಲೆ ಬೇಯಿಸಿದರೆ ಆಯಿತು. ಮನೆಯಲ್ಲಿ ಇದನ್ನು ಮಾಡಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, ಹಿಟ್ಟನ್ನು ಕೈಯಲ್ಲಿ ನಾದಬೇಕೋ ಯಂತ್ರಕ್ಕೆ ಬಿಡಬೇಕೋ ಎಂಬುದು. ಕೈಯ ಪಕ್ಷದವರು ರುಚಿಯ ಮಾತೆತ್ತುತ್ತಾರೆ, ಯಂತ್ರದ ಪಕ್ಷದವರು ಬಿಡುವಿಲ್ಲದ ಬದುಕಿನ ಮಾತೆತ್ತುತ್ತಾರೆ. ನಾದಿದಾಗ ಹಿಟ್ಟಿನೊಳಗೆ ಏನಾಗುತ್ತದೆ ಎಂಬುದು ಗೊತ್ತಾಗದೆ ಈ ವಾದ ತೀರುವಂಥದಲ್ಲ.

ಗೋಧಿಯಲ್ಲಿ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ನೀರು ತಾಗಿದಾಗ ಇವು ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುತ್ತವೆ. ಮೊದಲನೆಯದರಿಂದ ಹಿಟ್ಟಿಗೆ ಹಿಗ್ಗುವ ಗುಣ ಬರುತ್ತದೆ, ಎರಡನೆಯದರಿಂದ ಎಳೆದು ಬಿಟ್ಟರೆ ಹಿಂದಕ್ಕೆ ಸೇರಿಕೊಳ್ಳುವ ಬಿಗಿ. ಯೀಸ್ಟ್ ಸಕ್ಕರೆಯನ್ನು ತಿಂದು ಬಿಡುವ ಇಂಗಾಲದ ಡೈಆಕ್ಸೈಡ್ ಈ ಬಲೆಯಲ್ಲಿ ಸಿಕ್ಕಿಕೊಳ್ಳುವುದರಿಂದ ಹಿಟ್ಟು ಉಬ್ಬುತ್ತದೆ. ಜೋಳದ ಹಿಟ್ಟಿನಲ್ಲಿ ಇಂಥ ಬಲೆ ಕಟ್ಟುವುದಿಲ್ಲ. ಬಿಸಿನೀರು ಹಾಕಿ, ಪಿಷ್ಟವನ್ನು ಅರೆಬೇಯಿಸಿ ಜಿಗುಟು ಬರಿಸಿಕೊಂಡು ರೊಟ್ಟಿ ತಟ್ಟುವುದು ಅದಕ್ಕಾಗಿಯೇ. ಹೋಳಿಗೆ ಮಾಡುವ ಮನೆಯಲ್ಲಿ ಗ್ಲುಟೆನ್ನಿನ ಹೆಸರು ಕೇಳಿರದಿದ್ದರೂ ಅದರ ಸ್ವಭಾವ ಎಲ್ಲರಿಗೂ ಗೊತ್ತು. ಕಣಕವನ್ನು ಸಡಿಲವಾಗಿ ಕಲಸಿ, ಎಣ್ಣೆ ಹಾಕಿ ನಾದಿ, ಒಂದೆರಡು ಗಂಟೆ ನೆನೆಯಲು ಬಿಟ್ಟರೆ ಮಾತ್ರ ಅದು ಹರಿಯದೆ ಹೂರಣವನ್ನು ಸುತ್ತಿಕೊಳ್ಳುತ್ತದೆ.

ಕಣಕ ನೆನೆಯುವಾಗ ಯಾರ ಕೈಯೂ ಅದನ್ನು ಮುಟ್ಟಿರುವುದಿಲ್ಲ. ಬ್ರೆಡ್ಡಿನ ವಿಷಯದಲ್ಲಿ ಇದನ್ನು ಶಾಸ್ತ್ರೀಯವಾಗಿ ಬಳಕೆಗೆ ತಂದವನು ಫ್ರಾನ್ಸಿನ ರೇಮಂ ಕಾಲ್ವೆಲ್. ಹಿಟ್ಟು ಮತ್ತು ನೀರನ್ನಷ್ಟೇ ಬೆರೆಸಿ ಸುಮಾರು ಅರ್ಧ ಗಂಟೆ ಬಿಟ್ಟು ಆಮೇಲೆ ನಾದಲು ತೊಡಗಿದರೆ ನಾದುವ ಹೊತ್ತು ಬಹಳ ಕಡಿಮೆಯಾಗುತ್ತದೆ ಎಂದು 1974ರಲ್ಲಿ ಅವನು ತೋರಿಸಿದ. ಬೇಕರಿಯವರು ಇದನ್ನು ಆಟೊಲೀಸ್ ಎನ್ನುತ್ತಾರೆ. ನ್ಯೂಯಾರ್ಕಿನ ಬ್ರೆಡ್ ತಯಾರಕ ಜಿಮ್ ಲೇಹಿಯ ಕ್ರಮ ಇನ್ನೂ ಮುಂದಕ್ಕೆ ಹೋಯಿತು. 2006ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪ್ರಕಟಿಸಿದ ಆ ಕ್ರಮದಲ್ಲಿ ನಾದುವುದೇ ಇಲ್ಲ. ಮೂರು ಕಪ್ ಹಿಟ್ಟಿಗೆ ಕಾಲು ಚಮಚ ಯೀಸ್ಟ್, ಧಾರಾಳವಾಗಿ ನೀರು. ಕಲಸಿ 12ರಿಂದ 18 ಗಂಟೆ ಬಿಟ್ಟರೆ ಬಲೆ ತಾನಾಗಿ ಕಟ್ಟಿಕೊಳ್ಳುತ್ತದೆ. ನಾದುವ ಬಲಕ್ಕೂ ಕಾಯುವ ಹೊತ್ತಿಗೂ ಹೀಗೆ ಅದಲುಬದಲು ಸಾಧ್ಯ ಎಂದಾದ ಮೇಲೆ, ರುಚಿಯೆಲ್ಲ ತೋಳಿನ ಬಲದಲ್ಲೇ ಇದೆ ಎನ್ನುವ ವಾದ ನಿಲ್ಲುವುದಿಲ್ಲ.

ಹಾಗಾದರೆ ಕೈ ಮಾಡುವ ಕೆಲಸ ಯಾವುದು? ಅದು ಹದ ನೋಡುತ್ತದೆ. ನಾದಲು ಶುರುಮಾಡಿದಾಗ ಬೆರಳಿಗೆ ಮೆತ್ತಿಕೊಳ್ಳುತ್ತಿದ್ದ ಹಿಟ್ಟು ಹತ್ತು ನಿಮಿಷದಲ್ಲಿ ಅಂಗೈ ಬಿಟ್ಟು ನುಣುಪಾಗುತ್ತದೆ. ಒಂದು ತುಣುಕನ್ನು ಎರಡೂ ಕೈಯಿಂದ ತೆಳ್ಳಗೆ ಎಳೆದರೆ ಹರಿಯದೆ, ಬೆಳಕು ಕಾಣುವಷ್ಟು ಪೊರೆಯಾಗುತ್ತದೆ. ಉಬ್ಬಿದ ಹಿಟ್ಟಿಗೆ ಬೆರಳೊತ್ತಿದಾಗ ಕುಳಿ ಥಟ್ಟನೆ ತುಂಬಿಕೊಂಡರೆ ಇನ್ನೂ ಹೊತ್ತು ಬೇಕು, ನಿಧಾನವಾಗಿ ಅರ್ಧದಷ್ಟು ತುಂಬಿದರೆ ಬೇಯಿಸಬಹುದು, ತುಂಬದೇ ಹೋದರೆ ಹದ ಮೀರಿದೆ. ದೋಸೆ ಹಿಟ್ಟು ಡಿಸೆಂಬರಿನಲ್ಲಿ ತಡವಾಗಿ ಹುದುಗುತ್ತದೆ, ಏಪ್ರಿಲಿನಲ್ಲಿ ಬೇಗ ಹುಳಿಯಾಗುತ್ತದೆ ಎಂದು ಗಡಿಯಾರ ನೋಡದೆಯೂ ತಿಳಿಯುವ ಅಡುಗೆಮನೆಯ ಅರಿವು ಇದೇ ಜಾತಿಯದು.

ಈ ಅರಿವನ್ನು ಯಂತ್ರದೊಳಕ್ಕೆ ಇಳಿಸಬಹುದೇ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 1980ರ ದಶಕದ ನಡುವಿನಲ್ಲಿ ಜಪಾನಿನ ಮತ್ಸುಶಿತಾ ಕಂಪನಿ ಮನೆಬಳಕೆಯ ಬ್ರೆಡ್ ಯಂತ್ರ ತಯಾರಿಸಲು ಹೊರಟಿತ್ತು. ಪ್ರಯೋಗದ ಬ್ರೆಡ್ಡುಗಳ ಹೊರಪದರ ಸೀದು ಹೋಗುತ್ತಿತ್ತು, ಒಳಗೆ ಹಸಿ ಉಳಿಯುತ್ತಿತ್ತು. ಯಂತ್ರ ನಾದಿದ ಹಿಟ್ಟನ್ನೂ ಬೇಕರಿಯವನು ನಾದಿದ ಹಿಟ್ಟನ್ನೂ ಎಕ್ಸ್-ರೇ ತೆಗೆದು ಹೋಲಿಸಿದರೂ ಕಾರಣ ತಿಳಿಯಲಿಲ್ಲ. ಕೊನೆಗೆ ತಂಡದಲ್ಲಿದ್ದ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ತಜ್ಞೆ, ಒಳ್ಳೆಯ ಬ್ರೆಡ್ಡಿಗೆ ಹೆಸರಾದ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರ್ ಬಳಿ ಶಿಷ್ಯೆಯಾಗಿ ನಿಂತಳು. ಆತ ಹಿಟ್ಟನ್ನು ಬರೀ ಎಳೆಯುತ್ತಿಲ್ಲ, ಎಳೆಯುವಾಗಲೇ ತಿರುಚುತ್ತಾನೆ ಎಂಬುದು ಅವಳ ಕಣ್ಣಿಗೆ ಬಿತ್ತು. ಆ ಚಲನೆಯನ್ನು ತರಲು ಎಂಜಿನಿಯರುಗಳು ಪಾತ್ರೆಯ ಒಳಗೋಡೆಗೆ ಏಣುಗಳನ್ನು ಕೂರಿಸಿದರು. 1987ರಲ್ಲಿ ಮಾರುಕಟ್ಟೆಗೆ ಬಂದ ಯಂತ್ರ ಚೆನ್ನಾಗಿ ಮಾರಾಟವಾಯಿತು. ಕೈಯ ಮೂಕ ಜ್ಞಾನ ಲೋಹಕ್ಕೆ ವರ್ಗವಾದುದಕ್ಕೆ ಇದು ಸಾಕ್ಷಿ ಎಂದು ಇಕುಜಿರೊ ನೊನಾಕಾ ಮತ್ತು ಹಿರೊಟಾಕಾ ತಾಕೆಯುಚಿ 1995ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಆಡಳಿತಶಾಸ್ತ್ರದ ತರಗತಿಗಳಲ್ಲಿ ಈ ಕತೆ ಇಂದಿಗೂ ಪಾಠವಾಗಿದೆ.

ಸಮಾಜಶಾಸ್ತ್ರಜ್ಞರಾದ ರೊಡ್ರಿಗೊ ರಿಬೇರೊ ಮತ್ತು ಹ್ಯಾರಿ ಕಾಲಿನ್ಸ್ 2007ರಲ್ಲಿ ಇದನ್ನು ಪ್ರಶ್ನಿಸಿದರು. ಬೇಕರಿಯವನ ಕೆಲಸದಲ್ಲಿ ಯಾಂತ್ರಿಕವಾಗಿ ಮರುಮಾಡಬಹುದಾದ ಭಾಗವಷ್ಟೇ ಯಂತ್ರಕ್ಕೆ ಹೋಗಿದೆ, ಉಳಿದದ್ದನ್ನು ಯಂತ್ರ ಬಳಸುವವರು ತಮಗೆ ಅರಿವಿಲ್ಲದೆಯೇ ತುಂಬಿಕೊಡುತ್ತಾರೆ ಎಂಬುದು ಅವರ ನಿಲುವು. ಎರಡು ವಾದಗಳಲ್ಲಿ ಇದೇ ಹೆಚ್ಚು ಗಟ್ಟಿ. ಅದಕ್ಕೆ ಪುರಾವೆ ಭಾರತದ ಯಾವ ಅಡುಗೆಮನೆಯಲ್ಲೂ ಸಿಗುತ್ತದೆ. ಯಂತ್ರದ ಜೊತೆ ಬರುವ ಕೈಪಿಡಿಯ ಅಳತೆಗಳು ಸಾಮಾನ್ಯವಾಗಿ ಹೆಚ್ಚು ಪ್ರೋಟೀನಿನ ಬ್ರೆಡ್ ಹಿಟ್ಟನ್ನು ಲೆಕ್ಕಕ್ಕಿಟ್ಟುಕೊಂಡವು. ಇಲ್ಲಿ ಚಕ್ಕಿಯ ಕಲ್ಲಿನಡಿ ಬೀಸಿದ ಗೋಧಿ ಹಿಟ್ಟಿನಲ್ಲಿ ಪಿಷ್ಟದ ಕಣಗಳು ಹೆಚ್ಚು ಜಜ್ಜಿಹೋಗಿರುತ್ತವೆ, ತೌಡೂ ಇರುತ್ತದೆ. ಎರಡೂ ನೀರನ್ನು ಹೀರುತ್ತವೆ. ಕೈಪಿಡಿಯಷ್ಟೇ ನೀರು ಹಾಕಿದರೆ ಹಿಟ್ಟು ಗಟ್ಟಿಯಾಗಿ, ಬ್ರೆಡ್ ಇಟ್ಟಿಗೆಯಂತಾಗುತ್ತದೆ. ನಾದುವ ಹಂತದಲ್ಲಿ ಮುಚ್ಚಳ ತೆರೆದು, ಮುಟ್ಟಿ ನೋಡಿ, ಎರಡು ಚಮಚ ನೀರು ಸೇರಿಸುವವರ ಬ್ರೆಡ್ ಮಾತ್ರ ಚೆನ್ನಾಗಿ ಬರುತ್ತದೆ. ಹವೆಯದೂ ಇದೇ ಕತೆ. ಅನೇಕ ಯಂತ್ರಗಳು ಪಾತ್ರೆಯನ್ನು ಬೆಚ್ಚಗಿಡಬಲ್ಲವು, ತಂಪಾಗಿಸಲಾರವು. ಮೇ ತಿಂಗಳ ಮಂಗಳೂರಿನಲ್ಲಿ ರಾತ್ರಿ ಟೈಮರ್ ಇಟ್ಟು ಮಲಗಿದರೆ ಬೆಳಗ್ಗೆ ಸಿಗುವುದು ಅತಿಯಾಗಿ ಉಬ್ಬಿ ನಡು ಕುಸಿದ ಬ್ರೆಡ್. ಯೀಸ್ಟನ್ನು ತಗ್ಗಿಸಬೇಕು, ತಣ್ಣೀರು ಹಾಕಬೇಕು ಎಂಬ ತೀರ್ಮಾನ ಮನುಷ್ಯರದೇ.

ಇಷ್ಟರಿಂದ ಯಂತ್ರವನ್ನು ತಳ್ಳಿಹಾಕುವುದು ಅನ್ಯಾಯವಾದೀತು. ನಾದುವುದು ಚರಿತ್ರೆಯುದ್ದಕ್ಕೂ ಮೈಮುರಿಯುವ ದುಡಿಮೆ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಬೇಕರಿ ಕಾರ್ಮಿಕರ ರಾತ್ರಿಪಾಳಿಯ ದುಃಸ್ಥಿತಿಯನ್ನು ಮಾರ್ಕ್ಸ್ ತನ್ನ ‘ಬಂಡವಾಳ’ ಗ್ರಂಥದಲ್ಲಿ ವಿವರವಾಗಿ ದಾಖಲಿಸಿದ್ದಾನೆ. ನ್ಯೂಯಾರ್ಕ್ ರಾಜ್ಯ 1895ರಲ್ಲಿ ಬೇಕರಿ ಕೆಲಸವನ್ನು ದಿನಕ್ಕೆ 10, ವಾರಕ್ಕೆ 60 ಗಂಟೆಗೆ ಮಿತಿಗೊಳಿಸಿ ಕಾನೂನು ಮಾಡಬೇಕಾಯಿತು. ಅದನ್ನೂ 1905ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಮಾಡಿತು. ಮನೆಯ ಲೆಕ್ಕವೂ ಬೇರೆಯಲ್ಲ. ಭಾನುವಾರ ಒಂದು ಬ್ರೆಡ್ ನಾದುವವರಿಗೆ ಅದು ಸಂತೋಷ. ವಾರಕ್ಕೆ ನಾಲ್ಕು ದಿನ, ಚಪಾತಿ ಹಿಟ್ಟಿನ ಜೊತೆಗೆ ಅದನ್ನೂ ನಾದಬೇಕಾದವರಿಗೆ, ಮಣಿಕಟ್ಟಿನ ನೋವಿರುವವರಿಗೆ, ವಯಸ್ಸಾದವರಿಗೆ ಅದು ಹೊರೆ. ಆ ಹೊರೆ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತದೆ ಎಂಬುದನ್ನು ಕೈಕೆಲಸವನ್ನು ಹೊಗಳುವವರು ಮರೆಯಬಾರದು.

ಬ್ರೆಡ್ಡಿನ ರುಚಿಗೆ ದೊಡ್ಡ ಪೆಟ್ಟು ಬಿದ್ದದ್ದು ಕಾಯುವ ಹೊತ್ತನ್ನು ಕಡಿದಾಗ. ಇಂಗ್ಲೆಂಡಿನ ಚಾರ್ಲಿವುಡ್ ಎಂಬಲ್ಲಿನ ಸಂಶೋಧನಾ ಕೇಂದ್ರ 1961ರಲ್ಲಿ ರೂಪಿಸಿದ ಪದ್ಧತಿಯಲ್ಲಿ, ಪ್ರತಿ ಕಿಲೋ ಹಿಟ್ಟಿನ ಮುದ್ದೆಗೆ ಸುಮಾರು 11 ವ್ಯಾಟ್-ಗಂಟೆಯಷ್ಟು ಶಕ್ತಿ ಹರಿಸಿ ಕೆಲವೇ ನಿಮಿಷಗಳಲ್ಲಿ ಗ್ಲುಟೆನ್ ಕಟ್ಟಿಸುತ್ತಾರೆ. ಆಸ್ಕಾರ್ಬಿಕ್ ಆಮ್ಲ, ಕೊಬ್ಬು, ಹೆಚ್ಚುವರಿ ಯೀಸ್ಟ್ ಸೇರಿಸಿ, ಹಿಟ್ಟು ದೊಡ್ಡ ಮುದ್ದೆಯಾಗಿ ಗಂಟೆಗಟ್ಟಲೆ ಹುದುಗುವ ಹಂತವನ್ನೇ ತೆಗೆದುಹಾಕಿದರು. ಕಡಿಮೆ ಪ್ರೋಟೀನಿನ ಬ್ರಿಟಿಷ್ ಗೋಧಿಯಿಂದಲೂ ಮೆತ್ತನೆಯ, ಅಗ್ಗದ ಬ್ರೆಡ್ ಬಂತು, ಆದರೆ ಹುದುಗುವಾಗ ಹುಟ್ಟುವ ಆಮ್ಲಗಳ, ಸುವಾಸನೆಯ ಪದಾರ್ಥಗಳ ಪಾಲು ತಗ್ಗಿತು. ಫ್ರಾನ್ಸಿನಲ್ಲಿಯೂ 1950ರ ದಶಕದ ಕೊನೆಯಿಂದ ಯಂತ್ರಗಳು ಹಿಟ್ಟನ್ನು ಅತಿಯಾಗಿ ನಾದತೊಡಗಿದಾಗ, ಒಳಸೇರಿದ ಗಾಳಿ ಗೋಧಿಯ ಕೆನೆಬಣ್ಣದ ಕ್ಯಾರೊಟಿನಾಯ್ಡ್‌ಗಳನ್ನು ಉತ್ಕರ್ಷಿಸಿ ಬ್ರೆಡ್ ಸುಣ್ಣದಂತೆ ಬೆಳ್ಳಗಾಯಿತು, ಪರಿಮಳ ಹೋಯಿತು. ಕಾಲ್ವೆಲ್ ಆಟೊಲೀಸನ್ನು ಮುಂದಿಟ್ಟದ್ದು ಈ ಹಾನಿಗೆ ಪರಿಹಾರವಾಗಿ. ತೋಳು ಅಷ್ಟು ಹೊತ್ತಿಗೆ ಸೋತು ನಿಲ್ಲುವುದರಿಂದ ಕೈಯಲ್ಲಿ ನಾದಿದ ಬ್ರೆಡ್ಡಿಗೆ ಈ ಅಪಾಯ ಇಲ್ಲವೆನ್ನುವಷ್ಟು ಕಡಿಮೆ.

ಮನೆಯ ಯಂತ್ರದಲ್ಲಿ ಮಾಮೂಲು ಕ್ರಮಕ್ಕೆ ಮೂರರಿಂದ ನಾಲ್ಕು ಗಂಟೆ ಬೇಕು, ಅವಸರದ ಕ್ರಮಕ್ಕೆ ಅದರ ಅರ್ಧಕ್ಕಿಂತಲೂ ಕಡಿಮೆ. ಅವಸರದ ಕ್ರಮ ಹೆಚ್ಚು ಯೀಸ್ಟ್ ಬೇಡುತ್ತದೆ, ರುಚಿಯೂ ಸಪ್ಪೆ. ಅದನ್ನು ಬಿಡುವುದೇ ಮೇಲು. ಯಂತ್ರ ಸೋಲುವುದು ಕೊನೆಯ ಎರಡು ಹಂತಗಳಲ್ಲಿ. ಅದು ಆಕಾರ ಕೊಡಲಾರದು. ಕೈಯಿಂದ ಮಡಚಿ ಸುತ್ತಿದಾಗ ಹಿಟ್ಟಿನ ಮೇಲ್ಮೈಗೆ ಬರುವ ಬಿಗಿ ಅದರ ಪಾತ್ರೆಯಲ್ಲಿ ಬರುವುದಿಲ್ಲ, ತಳದಲ್ಲಿ ಅಲಗಿನ ತೂತೂ ಉಳಿಯುತ್ತದೆ. ಬೇಯುವಾಗ ಮೊದಲ ಕೆಲವು ನಿಮಿಷ ಹಬೆಯಿದ್ದರೆ ಹೊರಪದರ ತಡವಾಗಿ ಗಟ್ಟಿಯಾಗಿ ಬ್ರೆಡ್ ಪೂರ್ತಿ ಅರಳುತ್ತದೆ. ಯಂತ್ರದಲ್ಲಿ ಆ ಅನುಕೂಲವಿಲ್ಲ. ಆದ್ದರಿಂದ ಕಲಸಿ ನಾದುವ ಕ್ರಮಕ್ಕಷ್ಟೇ ಯಂತ್ರ ಬಳಸಿ, ಹಿಟ್ಟನ್ನು ಹೊರತೆಗೆದು ರಾತ್ರಿಯಿಡೀ ಫ್ರಿಜ್ಜಿನಲ್ಲಿ ಹುದುಗಿಸಿ, ಕೈಯಲ್ಲಿ ಆಕಾರ ಕೊಟ್ಟು, ದಪ್ಪ ತಳದ ಮುಚ್ಚಿದ ಪಾತ್ರೆಯಲ್ಲಿಟ್ಟು 230 ಡಿಗ್ರಿಯ ಓವನ್ನಿನಲ್ಲಿ ಬೇಯಿಸುವುದು ಹೆಚ್ಚಿನ ಮನೆಗಳಿಗೆ ಹೊಂದುವ ದಾರಿ. ಪಾತ್ರೆಯ ಮುಚ್ಚಳ ಹಿಟ್ಟಿನದೇ ಹಬೆಯನ್ನು ಹಿಡಿದಿಡುತ್ತದೆ.

ಬೆಂದ ಮೇಲಿನ ನಿಯಮಗಳು ಎರಡಕ್ಕೂ ಒಂದೇ. ಬ್ರೆಡ್ಡನ್ನು ಕೂಡಲೇ ಪಾತ್ರೆಯಿಂದ ತೆಗೆದು ಜಾಲರಿಯ ಮೇಲಿಡಬೇಕು, ಇಲ್ಲವಾದರೆ ಹಬೆಗೆ ಹೊರಪದರ ಮೆತ್ತಗಾಗುತ್ತದೆ. ಒಂದು ಗಂಟೆಯಾದರೂ ಆರಿದ ಮೇಲೆ ಕತ್ತರಿಸಿದರೆ ಪಿಷ್ಟ ನೆಲೆಗೊಂಡು ತಿರುಳು ಅಂಟಂಟಾಗದೆ ಬಿಡಿಸಿಕೊಳ್ಳುತ್ತದೆ. ಫ್ರಿಜ್ಜಿನ ತಂಪಿನಲ್ಲಿ ಪಿಷ್ಟ ಬೇಗ ಬಿರುಸಾಗುವುದರಿಂದ ಎರಡು ದಿನಕ್ಕೆ ಬೇಕಾದಷ್ಟನ್ನು ಹೊರಗೆ ಬಟ್ಟೆ ಸುತ್ತಿಟ್ಟು, ಉಳಿದದ್ದನ್ನು ಹೋಳು ಮಾಡಿ ಫ್ರೀಜರಿನಲ್ಲಿಡಬಹುದು. ಕರಾವಳಿಯ ಮಳೆಗಾಲದಲ್ಲಿ ಎರಡನೆಯ ದಿನವೇ ಬೂಸ್ಟು ಬರುವುದರಿಂದ ಹೊರಗಿಡುವ ಪಾಲು ಇನ್ನೂ ಕಡಿಮೆಯಿರಲಿ.